ಎಡಗಿವಿಗೆ ಚಿಕ್ಕದು, ಬಲಗಿವಿಗೆ ದೊಡ್ಡದು

ರುದ್ರಮುನಿ ಎಂಬ ಬಡಪಾಯಿಯನ್ನು ನಾನು ಎರಡು ಸಲ ಸಾಯಿಸಿದೆ. ಮೊದಲ ಸಲ ಸೋಮವಾರ ಹನ್ನೊಂದು ಗಂಟೆಗೆ, ಅವನ ತಮ್ಮ ನಮ್ಮ ಜನನ-ಮರಣ ನೋಂದಣಿ ಕಚೇರಿಯ ಕಿಟಕಿಯ ಮುಂದೆ ನಿಂತು ಅಣ್ಣನ ಹೆಸರು, ವಯಸ್ಸು, ಕಾಯಿಲೆ ಎಲ್ಲ ಹೇಳಿ ಗಳಗಳನೆ ಅತ್ತಾಗ. ಎರಡನೆಯ ಸಲ ಮಂಗಳವಾರ ಹನ್ನೊಂದು ಗಂಟೆಗೆ, ಅದೇ ಹೆಸರು, ಅದೇ ವಯಸ್ಸು, ಅದೇ ಅಳು ಕಚೇರಿಯ ಹಾಲಿನಲ್ಲಿ ಮತ್ತೆ ಕೇಳಿಬಂದಾಗ. ನಾನು ತಿರುಗಿ ನೋಡದೆ ರಿಜಿಸ್ಟರಿನಲ್ಲಿ ಇನ್ನೊಂದು ಸಾಲು ಬರೆದೆ. ತಿರುಗಿದ್ದರೆ ಕಿಟಕಿಯ ಮುಂದೆ ಯಾರೂ ಇಲ್ಲವೆಂದು ತಿಳಿಯುತ್ತಿತ್ತು. ನಮ್ಮೂರಿನಲ್ಲಿ ನಾಲ್ಕು ಗೋಡೆಯೊಳಗೆ ಆಡಿದ ಮಾತು ಮಾರನೆಯ ದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಇನ್ನೊಂದು ಸಲ ಕೇಳಿಬರುತ್ತದೆ. ಮೂರು ವರ್ಷದ ಮಗುವಿಗೂ ಈ ಎಚ್ಚರ ಇರುತ್ತದೆ. ಮಾತು ಕಿವಿಗೆ ಬಿದ್ದ ಕೂಡಲೇ ಆ ಮಗು ಆಡಿದವರ ಬಾಯಿ ಹುಡುಕುತ್ತದೆ. ಬಾಯಿ ಆಡುತ್ತಿದ್ದರೆ ಇವತ್ತಿನ ಮಾತು, ಇಲ್ಲದಿದ್ದರೆ ನಿನ್ನೆಯದು. ನನಗೆ ನಲವತ್ತನಾಲ್ಕು ವರ್ಷ.

ವಾರ ಕಳೆದು ರುದ್ರಮುನಿಯ ತಮ್ಮ ಎರಡು ಮರಣಪತ್ರ ಹಿಡಿದುಕೊಂಡು ಬಂದ. "ಸ್ವಾಮಿ, ನಮ್ಮಣ್ಣ ಸೋಮವಾರ ಹೋದ್ರು ಅಂತ ಎಲ್ರೂ ಅತ್ತಾಗಿದೆ. ಮಂಗಳವಾರದ್ದಕ್ಕೆ ಇನ್ನೊಂದ್ಸಲ ಅಳಬೇಕಾ?" ಎಂದು ಕೇಳಿದ. ಅವನು ತಮಾಷೆಗೆ ಕೇಳಿದ್ದಲ್ಲ. ಪಾಪ, ನಿಜವಾಗಿಯೂ ನಿಯಮ ಏನೆಂದು ತಿಳಿದುಕೊಳ್ಳಲು ಬಂದಿದ್ದ.

ನಮ್ಮ ಸಾಹೇಬರು ವೀರಭದ್ರ ನಾಯ್ಕರು ನನ್ನನ್ನು ಕೋಣೆಗೆ ಕರೆಸಿದರು. ನಾಯ್ಕರು ಬೈಯಬೇಕಾದಾಗ ಹೊರಗೆ ಅಂಗಳಕ್ಕೆ ಕರೆದುಕೊಂಡು ಹೋಗುತ್ತಾರೆ, ಬಯಲಲ್ಲಿ ಆಡಿದ ಮಾತು ಆಡಿದಲ್ಲಿಗೇ ಮುಗಿಯುತ್ತದಲ್ಲ. ಕೋಣೆಯೊಳಗೇ ಬೈದರೆಂದರೆ ಮಾರನೆಯ ದಿನವೂ ಅದನ್ನು ಕೇಳಿಸಿಕೊಳ್ಳಲಿ ಎಂದು ಅರ್ಥ. "ಮರಿಸ್ವಾಮಿ, ನಿಮ್ಮ ಕಿವಿಗೆ ಏನಾದ್ರೂ ಹಾಕ್ಕೊಳ್ರಿ. ನಿನ್ನೆಯದು ಒಳಗೆ ಬರಬಾರದು. ಇನ್ನೊಬ್ಬನ್ನ ಎರಡು ಸಲ ಸಾಯಿಸಿದ್ರೆ ನಿಮ್ಮನ್ನ ಗೋಡೌನಿಗೆ ಹಾಕ್ತೀನಿ," ಎಂದರು. ಮಾರನೆಯ ದಿನ ಅದೇ ಹೊತ್ತಿಗೆ ಅವರು ರಜದಲ್ಲಿದ್ದರು. ಖಾಲಿ ಕೋಣೆಯಿಂದ ಅದಷ್ಟೂ ಇನ್ನೊಂದು ಸಲ ಬಂತು. ನಾನು ಅದಕ್ಕೂ "ಸರಿ ಸಾರ್" ಎಂದೆ.

ಹೀಗೆ ಒಂದು ಹೊಸ ಏರ್ಪಾಡಾಯಿತು. ಅಲ್ಲಿಯವರೆಗೆ ಕಿಟಕಿಯಲ್ಲಿ ಕೂರುವ ಜಲಜಾಕ್ಷಿ ಮೇಡಂ ಜನ ಹೇಳಿದ್ದನ್ನು ಕೇಳಿ ಗಟ್ಟಿಯಾಗಿ ಹೇಳುತ್ತಿದ್ದರು, ನಾನು ಗೋಡೆಗೆ ಮುಖ ಮಾಡಿ ಕೂತು ಬರೆಯುತ್ತಿದ್ದೆ. ಇನ್ನು ಮೇಲೆ ಅವರು ಚೀಟಿಯಲ್ಲಿ ಬರೆದು, ಅದರ ಮೂಲೆಯಲ್ಲಿ ನಾಯ್ಕರು ಷರಾ ಗೀಚಿದ ಮೇಲೆ ನನ್ನ ಮೇಜಿನ ಮೇಲಿನ ಟ್ರೇನಲ್ಲಿ ಇಡುವುದು, ನಾನು ಕಿವಿ ಮುಚ್ಚಿಕೊಂಡು ಚೀಟಿ ನೋಡಿ ಬರೆಯುವುದು. ಗೋಡೆಗೆ ಮುಖ ಮಾಡಿ ಕೂರುವುದು ನನ್ನದೇ ಆಯ್ಕೆ. ಜನರ ಬಾಯಿಗಳನ್ನು ನೋಡುತ್ತಾ ಕೂತರೆ ಕೆಲಸ ಸಾಗುವುದಿಲ್ಲ ಎಂದು ಹತ್ತು ವರ್ಷದ ಹಿಂದೆ ನಾನೇ ಮೇಜು ತಿರುಗಿಸಿಕೊಂಡಿದ್ದೆ. ಅದನ್ನು ಶಿಸ್ತು ಎಂದುಕೊಂಡಿದ್ದೆ.

ಕಿವಿಯ ವಿಷಯದಲ್ಲಿ ನನಗೊಂದು ಹಳೆಯ ಗಾಯವಿದೆ, ಅದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ನಮ್ಮೂರಿನಲ್ಲಿ ಹೆಣ್ಣು ನೋಡಲು ಹೋದವರು ಬೋಂಡಾ ತಿಂದು ಎದ್ದುಬಂದರೆ ಅರ್ಧ ಶಾಸ್ತ್ರವಷ್ಟೇ ಮುಗಿದಂತೆ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಹೋಗಿ ಅದೇ ಹಾಲಿನಲ್ಲಿ ಕೂತು, ನಿನ್ನೆ ತಾವು ಎದ್ದ ಮೇಲೆ ಮನೆಯವರು ಏನು ಹೇಳಿದರೆಂದು ಕೇಳಿಸಿಕೊಳ್ಳಬೇಕು. ಇದು ಎಲ್ಲರಿಗೂ ಗೊತ್ತಿರುವುದರಿಂದ ಗಂಡಿನ ಕಡೆಯವರು ಮೆಟ್ಟಿಲಿಳಿಯುತ್ತಿದ್ದಂತೆ ಹೆಣ್ಣಿನ ಕಡೆಯವರು ಗೋಡೆಗಳ ಕಡೆ ತಿರುಗಿ "ಎಂಥ ಸಂಭಾವಿತ ಹುಡುಗ" ಎಂದು ಶುರುಮಾಡುತ್ತಾರೆ. ನನ್ನ ಸರದಿಯಲ್ಲಿ ಅಕ್ಕನ ಜೊತೆ ಹೋಗಿ ಕೂತೆ. ಹುಡುಗಿಯ ಅಪ್ಪ ನನ್ನನ್ನು ಹೊಗಳಿದ್ದು ಬಂತು, ಅಮ್ಮ ಹೊಗಳಿದ್ದು ಬಂತು. ಆಮೇಲೆ ಹುಡುಗಿಯ ಧ್ವನಿ ಕಿಸಕ್ಕನೆ ನಕ್ಕು, "ಅಮ್ಮಾ, ಕಿವಿ ನೋಡಿದ್ಯಾ? ಒಂದು ಇಡ್ಲಿ ಥರ, ಇನ್ನೊಂದು ಗೋಡಂಬಿ ಥರ!" ಎಂದಿತು. ಹುಡುಗಿ ನಮ್ಮ ಎದುರಿಗೇ ಕೂತಿದ್ದಳು, ಬಾಯಿ ಮುಚ್ಚಿಕೊಂಡೇ. ಎಲ್ಲರೂ ನನ್ನ ಕಿವಿ ನೋಡಿದರು. ಅವಳು ಹೇಳಿದ್ದು ನಿಜ. ನನ್ನ ಬಲಗಿವಿ ದೊಡ್ಡದು, ಎಡಗಿವಿ ಚಿಕ್ಕದು. ಅಂದಿನಿಂದ ನಾನು ಹೆಣ್ಣು ನೋಡಲು ಹೋಗಲಿಲ್ಲ, ತಲೆಕೂದಲನ್ನು ಸ್ವಲ್ಪ ಉದ್ದ ಬಿಟ್ಟೆ.

ಇಂಥ ಕಿವಿಗಳನ್ನು ಹೊತ್ತುಕೊಂಡು ನಾನು ಬಸ್ ಸ್ಟ್ಯಾಂಡಿನ ಹತ್ತಿರದ ದಾದಾಪೀರನ ಅಂಗಡಿಗೆ ಇಯರ್‌ಫೋನ್ ಕೊಳ್ಳಲು ಹೋದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಹಾಕಿಕೊಂಡರೂ ನೋಯಬಾರದು, ಬಿದ್ದುಹೋಗಬಾರದು, ಹೊರಗಿನ ಮಾತು ಒಳಗೆ ಬಿಡಬಾರದು, ಗುಮಾಸ್ತನ ಜೇಬಿಗೆ ಎಟುಕಬೇಕು ಎಂದೆ. ದಾದಾಪೀರ್ ಒಂದು ಕ್ಷಣ ನನ್ನನ್ನೇ ನೋಡಿ, "ಸಾರ್, ನೀವು ಕೇಳ್ತಿರೋದು ಇಯರ್‌ಫೋನೋ, ಮದುವೆಗೆ ಹೆಣ್ಣೋ?" ಎಂದ. ಅಂಗಡಿಯಲ್ಲಿದ್ದವರು ನಕ್ಕರು. ಆ ನಗು ನಾಳೆಯೂ ಒಂದು ಸಲ ಇರುತ್ತದೆ ಎಂದು ನೆನೆದು ನನಗೆ ಇನ್ನಷ್ಟು ಬೇಸರವಾಯಿತು.

ಅವನ ಅಂಗಡಿಯಲ್ಲಿ ಸಾಮಾನು ಹೇಗಿದೆ ಎಂದು ತಿಳಿಯಲು ಗೋಡೆಗೆ ಕಿವಿಗೊಟ್ಟು ನಿಂತರೆ ಸಾಕು, ನಿನ್ನೆಯ ಗಿರಾಕಿಗಳು ಹೇಳುತ್ತಾರೆ ಎಂದು ನಾನು ನಂಬಿದ್ದೆ. ಅರ್ಧ ಗಂಟೆ ನಿಂತೆ. ಬರಿಯ ಹೊಗಳಿಕೆ. "ಆಹಾ, ಕಿವಿಯಲ್ಲಿ ಇರೋದೇ ಗೊತ್ತಾಗಲ್ಲ!" "ಎರಡು ವರ್ಷ ಆಯ್ತು, ಒಂದಿನಾನೂ ಕೈಕೊಟ್ಟಿಲ್ಲ!" ಒಬ್ಬನ ಧ್ವನಿ ಮಾತ್ರ ಎಲ್ಲೋ ಕೇಳಿದಂತಿತ್ತು. ಪಕ್ಕದ ಮಿಕ್ಸಿ ಅಂಗಡಿಯಲ್ಲಿ ಚಟ್ನಿ ನುಣ್ಣಗೆ ಆಗುತ್ತದೆ ಎಂದು ಹೇಳುತ್ತಿದ್ದ ಧ್ವನಿಯೇ ಅದು, ದಾದಾಪೀರನ ಭಾವಮೈದುನನದು. ದೂರು ಹೇಳಲು ಬಂದವರು ಏನಾದರು ಎಂದು ಯೋಚಿಸುತ್ತಿದ್ದಾಗ ಒಬ್ಬಾತ ಮುರಿದ ಇಯರ್‌ಫೋನ್ ಹಿಡಿದು ಸಿಟ್ಟಿನಿಂದ ಒಳಗೆ ಬಂದ. ಅವನು ಬಾಯಿ ತೆರೆಯುವ ಮೊದಲೇ ದಾದಾಪೀರ್ ಅವನ ಹೆಗಲ ಮೇಲೆ ಕೈಹಾಕಿ, "ಹೊರಗೆ ಬನ್ನಿ ಸಾರ್, ಗಾಳೀಲಿ ಮಾತಾಡೋಣ," ಎಂದು ಫುಟ್‌ಪಾತಿಗೆ ಕರೆದುಕೊಂಡು ಹೋದ. ಇಷ್ಟೆಲ್ಲ ಕಣ್ಣಾರೆ ನೋಡಿದ ಮೇಲೂ ನಾನು ಭಾವಮೈದುನ ಹೊಗಳಿದ್ದನ್ನೇ ಕೊಂಡೆ. ಅವನ ಧ್ವನಿಯಲ್ಲಿ ಅಷ್ಟು ನೆಮ್ಮದಿ ಇತ್ತು.

ಅದು ಗಟ್ಟಿ ಪ್ಲಾಸ್ಟಿಕ್ಕಿನದು. ಹನ್ನೊಂದು ಗಂಟೆಗೆ ಕಿವಿ ಬಿಸಿಯಾಯಿತು, ಹನ್ನೆರಡಕ್ಕೆ ಕೆಂಪಾಯಿತು, ಊಟದ ಹೊತ್ತಿಗೆ ಮುದ್ದೆ ನುಂಗುವಾಗ ದವಡೆ ಅಲ್ಲಾಡಿ ಎಡಗಡೆಯದು ಸಾರಿನೊಳಗೆ ಬಿತ್ತು. ತೊಳೆದು ಒರೆಸಿ ಮತ್ತೆ ಹಾಕಿಕೊಂಡರೆ ಸಂಜೆಯವರೆಗೆ ಹುರುಳಿಕಾಳಿನ ವಾಸನೆ. ಎರಡನೆಯದು ಕುತ್ತಿಗೆಗೆ ಪಟ್ಟಿಯಂತೆ ಸುತ್ತಿಕೊಳ್ಳುವುದು, ವೈರಿಲ್ಲದ್ದು, ಚಾರ್ಜ್ ಮಾಡಿಕೊಂಡು ಹಾಕಿಕೊಳ್ಳುವುದು. ಮೆತ್ತಗಿತ್ತು, ಸುಖವಾಗಿತ್ತು. ಆದರೆ ಮೂರು ಗಂಟೆಗೆ ಅದರ ಜೀವ ಹೋಗುತ್ತಿತ್ತು. ಹೋದ ಕೂಡಲೇ ನಿನ್ನೆ ಮೂರು ಗಂಟೆಯ ಜಗಳ, ಅಜ್ಜನ ಹೆಸರಿಡಬೇಕೋ ದೇವರ ಹೆಸರಿಡಬೇಕೋ ಎಂದು ಎರಡು ಕಡೆಯ ಬೀಗರು ಕಿಟಕಿಯ ಮುಂದೆ ಕೂಗಾಡಿದ್ದೆಲ್ಲ, ಕಟ್ಟೆಯೊಡೆದಂತೆ ಒಳಗೆ ನುಗ್ಗುತ್ತಿತ್ತು. ಮೂರನೆಯದನ್ನು ದಾದಾಪೀರ್ ಮಖಮಲ್ಲಿನ ಡಬ್ಬಿಯಿಂದ ತೆಗೆದು ತೋರಿಸಿದ. ಹಾಕಿಕೊಂಡು ನೋಡಿದೆ, ಲೋಕವೇ ಇಲ್ಲವಾಯಿತು. ಬೆಲೆ ಕೇಳಿದೆ. ಎರಡೂ ಕೈಯಲ್ಲಿ ಹಿಡಿದು ಡಬ್ಬಿಗೆ ಹಿಂದಿರುಗಿಸಿದೆನೆಂದು ದಾದಾಪೀರ್ ಈಗಲೂ ಹೇಳುತ್ತಾನೆ.

ಕೊನೆಗೆ ಅವನು ಕೊಟ್ಟದ್ದು ಒಂದು ಸಾದಾ ವೈರಿನದು. ತೂಕವಿಲ್ಲ, ಬ್ಯಾಟರಿಯ ತಂಟೆಯಿಲ್ಲ, ತುದಿಗೆ ಮೆತ್ತನೆಯ ರಬ್ಬರ್ ಟೋಪಿಗಳು, ಜೊತೆಗೆ ಸಣ್ಣ ಕವರಿನಲ್ಲಿ ಬೇರೆ ಬೇರೆ ಅಳತೆಯ ಇನ್ನೆರಡು ಜೊತೆ ಟೋಪಿ. ಮಧ್ಯಮ ಅಳತೆ ಹಾಕಿದೆ. ಎಡಗಡೆಯದು ನೂಕಿಕೊಂಡು ಹೊರಬಂತು, ಬಲಗಡೆಯದು ಸಡಿಲವಾಗಿ ಜಾರಿತು. ಚಿಕ್ಕ ಜೊತೆ ಹಾಕಿದೆ, ಬಲಗಡೆ ನಿಲ್ಲಲಿಲ್ಲ. ದೊಡ್ಡ ಜೊತೆ ಹಾಕಿದೆ, ಎಡಗಡೆ ಪ್ರಾಣ ಹೋಯಿತು. ಎರಡು ದಿನ ಮೇಜಿನ ಮುಂದೆ ಕೂತು ಟೋಪಿ ಬದಲಾಯಿಸುವುದೇ ಕೆಲಸವಾಯಿತು.

ಮೂರನೆಯ ದಿನ ಜಲಜಾಕ್ಷಿ ಮೇಡಂ ಟ್ರೇನಲ್ಲಿ ಚೀಟಿ ಇಡಲು ಬಂದವರು ನಿಂತರು. ಅವರು ಕಚೇರಿಗೆ ಬಂದು ಎರಡು ವರ್ಷವಾಗಿತ್ತು. ನಲವತ್ತು ದಾಟಿದವರು, ಮದುವೆಯಾಗಿರಲಿಲ್ಲ. ಕಿಟಕಿಯಲ್ಲಿ ಅಳುವವರಿಗೆ ಮೊದಲು ನೀರು ಕೊಟ್ಟು ಆಮೇಲೆ ಹೆಸರು ಕೇಳುತ್ತಿದ್ದರು. ನನ್ನ ಜೊತೆ ಅವರು ಆಡಿದ್ದು ಕೆಲಸದ ಮಾತಷ್ಟೇ ಎಂದು ಆಗ ನಾನು ತಿಳಿದಿದ್ದೆ.

"ಎರಡು ಕಿವಿಗೂ ಒಂದೇ ಅಳತೆ ಯಾಕೆ ಹಾಕ್ತೀರಿ ಮರಿಸ್ವಾಮಿಯವರೇ?" ಎಂದರು. "ಎಡಗಿವಿಗೆ ಚಿಕ್ಕದು ಹಾಕಿ, ಬಲಗಿವಿಗೆ ದೊಡ್ಡದು ಹಾಕಿ."

ನನಗೆ ಮುಖ ಬಿಸಿಯಾಯಿತು. ಉದ್ದ ಕೂದಲಿನೊಳಗೆ ಅಡಗಿಸಿದ್ದ ನನ್ನ ಗುಟ್ಟು ಇವರಿಗೆ ಹೇಗೆ ಗೊತ್ತಾಯಿತು ಎಂದು ಅವರ ಮುಖ ನೋಡಿದೆ. ನಗುತ್ತಾರೋ ಎಂದು ಕಾದೆ. ಅವರು ನಗಲಿಲ್ಲ. ಕವರಿನಿಂದ ತಾವೇ ಚಿಕ್ಕದೊಂದು ದೊಡ್ಡದೊಂದು ಆರಿಸಿ ಅಂಗೈಯಲ್ಲಿಟ್ಟು ಚಾಚಿದರು. ಹಾಕಿಕೊಂಡೆ. ಬೀಗಕ್ಕೆ ಕೀಲಿ ಕೂತಂತೆ ಎರಡೂ ಕೂತವು. ಮೇಡಂ ಏನೋ ಹೇಳುತ್ತಿದ್ದರು, ತುಟಿ ಆಡುವುದು ಕಂಡಿತು, ಏನೂ ಕೇಳಿಸಲಿಲ್ಲ. ನನಗೆ ಎಂಥ ಸಂತೋಷವಾಯಿತೆಂದರೆ "ಏನೂ ಕೇಳಿಸ್ತಿಲ್ಲ!" ಎಂದು ಕೂಗಿ, ಗೋಡೆಯ ಕಡೆ ತಿರುಗಿ ಬರೆಯತೊಡಗಿದೆ.

ಮೂರು ವಾರ ಸ್ವರ್ಗ. ಜೇಬಿನ ಫೋನಿನಲ್ಲಿ ಸಣ್ಣಗೆ ಕೊಳಲು ಹಾಕಿಕೊಂಡರೆ ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಒಂದೇ ಒಂದು ತಪ್ಪು ಬರೆಯಲಿಲ್ಲ, ಸತ್ತವರೆಲ್ಲ ಒಂದೇ ಸಲ ಸತ್ತರು. ಕಿವಿಯಲ್ಲಿ ಅದಿದೆ ಎಂಬುದೇ ಮರೆತುಹೋಗಿ ಮನೆಯವರೆಗೆ ಹಾಗೇ ನಡೆದುಹೋಗುತ್ತಿದ್ದೆ. ಒಂದು ದಿನ ಹಾಗೇ ತಲೆಗೆ ನೀರು ಹುಯ್ದುಕೊಳ್ಳಲು ಹೊರಟಿದ್ದೆ. ಒಂದೇ ಒಂದು ಸಣ್ಣ ಕೊರತೆ. ಸಂಜೆ ನಾಲ್ಕರ ಹೊತ್ತಿಗೆ ಏನೋ ಮರೆತವನಂತೆ ಪೆನ್ನು ಕೆಳಗಿಟ್ಟು ಕೂರುತ್ತಿದ್ದೆ. ಏನು ಎಂದು ಹೊಳೆಯುತ್ತಿರಲಿಲ್ಲ. ಆಮೇಲೆ ಹೊಳೆಯಿತು, ನಾಲ್ಕು ಗಂಟೆಗೆ ನನ್ನ ಬೆನ್ನ ಹಿಂದೆ ಒಂದು ಮಾತು ಬರುತ್ತಿತ್ತು. "ಟೀಗೆ ಹೋಗೋಣ್ವಾ?" ಎಂದು, ಯಾರ ಧ್ವನಿಯೆಂದು ಗುರುತು ಹತ್ತದಷ್ಟು ಮೆಲ್ಲಗೆ. ಎರಡು ವರ್ಷದಿಂದ ದಿನವೂ ಬರುತ್ತಿತ್ತು. ಮೊದಲ ದಿನ ತಿರುಗಿ ನೋಡಿದ್ದೆ. ಮೇಡಂ ಬಗ್ಗಿ ಚೀಲದಲ್ಲಿ ಏನೋ ಹುಡುಕುತ್ತಿದ್ದರು, ಬಾಯಿ ಆಡಿದ್ದು ಕಾಣಲಿಲ್ಲ. ಹಾಗಾದರೆ ಇದು ನಿನ್ನೆಯ ಮಾತು, ಯಾರೋ ಯಾರಿಗೋ ಹೇಳಿದ್ದು ಎಂದು ತೀರ್ಮಾನಿಸಿದೆ. ಆಮೇಲೆ ತಿರುಗಲಿಲ್ಲ. ಒಮ್ಮೆ ತೀರ್ಮಾನಿಸಿದ ಮೇಲೆ ಮತ್ತೆ ನೋಡುವ ಚಪಲ ನನಗಿಲ್ಲ.

ಟೀ ಎಂದರೆ ನಮ್ಮೂರಿನಲ್ಲಿ ಬರಿಯ ಟೀ ಅಲ್ಲ. ಕಚೇರಿಯ ಆಚೆ ಹೊಂಗೆಮರದ ಕೆಳಗೆ ಟೀ ಗಾಡಿ ಇದೆ. ಅಲ್ಲಿ ಗೋಡೆಯಿಲ್ಲ, ಚಾವಣಿಯಿಲ್ಲ. ನಾಳೆ ಬೇರೆಯವರ ಕಿವಿಗೆ ಬೀಳಬಾರದ ಮಾತನ್ನು ಜನ ಅಲ್ಲಿ ಹೋಗಿ ಆಡುತ್ತಾರೆ. ಒಬ್ಬರು ಇನ್ನೊಬ್ಬರನ್ನು ಟೀಗೆ ಕರೆದರೆ, ನಿನಗೊಬ್ಬನಿಗೇ ಹೇಳಬೇಕಾದದ್ದು ಇದೆ ಎಂದು ಅರ್ಥ. ಇಷ್ಟೂ ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಗುರುವಾರ ಹಾಲಿನಲ್ಲಿ ಲಾಡು ಹಂಚಿದರು. ಮಗು ಹುಟ್ಟಿದ್ದನ್ನು ಬರೆಸಲು ಬಂದವರು ಲಾಡು ತರುವುದು ನಮ್ಮಲ್ಲಿ ಮಾಮೂಲು. ಗಂಡೋ ಹೆಣ್ಣೋ ಎಂದು ಕೇಳುವ ಗೋಜಿಗೂ ಹೋಗದೆ ಎರಡು ತಿಂದೆ. ನಾಲ್ಕು ಗಂಟೆಗೆ ಜಲಜಾಕ್ಷಿ ಮೇಡಂ ನನ್ನ ಮೇಜಿನ ಪಕ್ಕಕ್ಕೆ ಬಂದು ನಿಂತರು. ಅವತ್ತು ಹೊಸ ಸೀರೆ ಉಟ್ಟಿದ್ದರು. ತುಟಿ ಆಡುತ್ತಿತ್ತು, ಸುಮಾರು ಹೊತ್ತು ಆಡಿತು. ಕಿವಿಯದನ್ನು ತೆಗೆಯಬೇಕೆಂದು ಒಂದು ಗಳಿಗೆ ಅನ್ನಿಸಿತು ನಿಜ. ಆದರೆ ಅವತ್ತು ಅದು ಅಷ್ಟು ಚೆನ್ನಾಗಿ ಕೂತಿತ್ತು! ಒಮ್ಮೆ ತೆಗೆದರೆ ಮತ್ತೆ ಹಾಗೇ ಕೂರಿಸುವುದು ಎಷ್ಟು ಕಷ್ಟ ಎಂಬುದು ಹಾಕಿಕೊಂಡವರಿಗೇ ಗೊತ್ತು. ಚೀಟಿಯ ವಿಷಯ ಇರಬಹುದೆಂದು ಎಂದಿನಂತೆ ಏನೋ ಉತ್ತರ ಕೊಟ್ಟು ತಲೆಯಾಡಿಸಿದೆ. ಅವರು ಹೊರಟುಹೋದರು.

ಶುಕ್ರವಾರ ಕಿಟಕಿಯಲ್ಲಿ ಬೇರೆ ಗುಮಾಸ್ತ ಕೂತಿದ್ದ. ರಜವಿರಬೇಕು ಎಂದುಕೊಂಡೆ. ಮೂರೂವರೆಗೆ ನಮ್ಮ ಅಟೆಂಡರ್ ಹೊನ್ನಪ್ಪ, ಇನ್ನಾರು ತಿಂಗಳಿಗೆ ರಿಟೈರಾಗುವವನು, ಹಾಲಿನ ನಡುವೆ ಒಂದು ಕುರ್ಚಿ ತಂದಿಟ್ಟು ಒರೆಸತೊಡಗಿದ. ಆ ಕುರ್ಚಿ ಕಂಡ ಕೂಡಲೇ ಕಿವಿಯದನ್ನು ಕಿತ್ತೆ. ಅದು ಮಾರನೇ ದಿನದ ಕುರ್ಚಿ. ವರ್ಗವಾದವರು, ರಿಟೈರಾದವರು ಬೀಳ್ಕೊಟ್ಟ ಮಾರನೆಯ ದಿನ ಬಂದು ಅದರಲ್ಲಿ ಕೂತು, ತಾವು ಹೋದ ಮೇಲೆ ಯಾರು ಏನು ಹೇಳಿದರೆಂದು ಕೇಳಿಸಿಕೊಂಡು ಹೋಗುವುದು ಪದ್ಧತಿ.

"ಯಾರಿಗೋ ಇದು?" ಎಂದೆ.

"ಏನ್ ಸ್ವಾಮಿ ಹಿಂಗಂತೀರಾ? ಜಲಜಾಕ್ಷಿ ಮೇಡಂಗೆ ಹೊಳೆಯಾಚೆ ಆಫೀಸಿಗೆ ವರ್ಗ ಆಗ್ಲಿಲ್ವಾ? ತಾವೇ ಕೇಳಿ ಹಾಕಿಸ್ಕೊಂಡ್ರು. ಸಾಹೇಬ್ರು ಇಲ್ಲೇ ನಿಂತ್ಕೊಂಡು ಹೇಳಿದ್ರಲ್ಲ. ನಿನ್ನೆ ಲಾಡು ತಿಂದ್ರಲ್ಲ ನೀವು, ಎರಡು!"

ಮಗುವಿನದೆಂದು ನಾನು ತಿಂದದ್ದು ಬೀಳ್ಕೊಡುಗೆಯ ಲಾಡು.

"ಕೊನೇಗೆ ನಿಮ್ಮ ಹತ್ರಾನೇ ಬಂದು ಅಷ್ಟು ಹೊತ್ತು ಮಾತಾಡಿದ್ರು," ಎಂದ ಹೊನ್ನಪ್ಪ. "ನಾವೆಲ್ಲ ಆಚೆ ಗೇಟಿನ ಹತ್ರ ಹಾರ ಹಿಡ್ಕೊಂಡು ಕಾಯ್ತಿದ್ವಿ. ಏನಂದ್ರು?"

ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಆಗಲೇ ಆ ಲೆಕ್ಕ ನನ್ನ ತಲೆಯೊಳಗೆ ತಾನಾಗಿಯೇ ಬಿಡಿಸಿಕೊಂಡಿತು. ಮಾತು ಮರಳುವುದು ಒಂದೇ ಸಲ. ಮಾರನೆಯ ದಿನ ಬಂತು, ಹೋಯಿತು. ಹಾಗಿದ್ದ ಮೇಲೆ ಎರಡು ವರ್ಷ ದಿನವೂ ನಾಲ್ಕು ಗಂಟೆಗೆ ಕೇಳಿಬಂದ ಮಾತು ನಿನ್ನೆಯದಾಗಿರಲು ಹೇಗೆ ಸಾಧ್ಯ? ದಿನವೂ ಯಾರೋ ಅದನ್ನು ಹೊಸದಾಗಿ ಆಡುತ್ತಲೇ ಇದ್ದರು. ಮೂರನೆಯ ಕ್ಲಾಸಿನ ಮಗು ಬೆರಳು ಮಡಿಸಿ ಹೇಳುವ ಲೆಕ್ಕ ಇದು. ಊರಿನ ಹುಟ್ಟುಸಾವು ಬರೆಯುವವನಿಗೆ ಬರಲಿಲ್ಲ.

"ನಾನೇನಂದೆ ಹೊನ್ನಪ್ಪ?"

"ನಂಗೆ ಹೆಂಗೆ ಗೊತ್ತು? ನಾನು ಮೇಡಂ ಬ್ಯಾಗು ಎತ್ಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಉಳಿದೋರು ನಾಲ್ಕೂವರೆಗೆ ಒಳಗೆ ಬಂದು ಒಬ್ಬೊಬ್ರಾಗಿ ಒಳ್ಳೇ ಮಾತು ಹೇಳಿದ್ರಂತೆ. ಅಲ್ಲೀತನಕ ಇಲ್ಲಿದ್ದೋರು ನೀವೊಬ್ರೇ." ಒರೆಸುವುದನ್ನು ನಿಲ್ಲಿಸಿ ನನ್ನನ್ನು ಮರುಕದಿಂದ ನೋಡಿದ. "ಏನಾದ್ರೂ ಗೊಣಗಿರ್ತೀರಿ ಬಿಡಿ."

"ನಾನ್ಯಾಕೆ ಗೊಣಗಲಿ?"

"ಅಯ್ಯೋ, ಅದನ್ನ ಕಿವಿಗೆ ಹಾಕ್ಕೊಂಡಾಗಿಂದ ಮಾತಾಡ್ತಾನೇ ಇರ್ತೀರಲ್ಲ ಸ್ವಾಮಿ! ನಿಮಗೆ ಗೊತ್ತಿಲ್ವಾ? ಇಡೀ ಆಫೀಸು ಕೇಳ್ತದೆ. ಮಾರನೇ ದಿನ ಇನ್ನೊಂದ್ಸಲ ಕೇಳ್ತದೆ. ನಾಯ್ಕರ ಅಕ್ಷರ ಕೋಳಿ ಕೆದರಿದ ಹಂಗಿದೆ ಅಂತ ಹೋದ ವಾರ ನಾಲ್ಕು ಸಲ ಅಂದ್ರಿ. ಸಾಹೇಬ್ರು ಬಾಗಿಲಲ್ಲೇ ನಿಂತಿದ್ರು."

ಮೂರು ವಾರ ನನ್ನ ಮನಸ್ಸಿನೊಳಗೆ ಅಂದುಕೊಂಡೆ ಎಂದು ನಾನು ತಿಳಿದಿದ್ದೆಲ್ಲ ಊರಿಗೆ ಎರಡೆರಡು ಸಲ ಕೇಳಿತ್ತು, ನನ್ನೊಬ್ಬನಿಗೆ ಬಿಟ್ಟು. ಇನ್ನು ಅರ್ಧ ಗಂಟೆಗೆ ಮೇಡಂ ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ. ಅವರು ಬೆನ್ನು ತಿರುಗಿಸಿದ ಮೇಲೆ ನಾನು ಏನಂದೆನೋ ಅದು ಅವರ ಎದುರಿಗೇ ಬರುತ್ತದೆ. ಕಿಟಕಿಯ ಪಕ್ಕದ ಫ್ಯಾನು ಅವರೊಬ್ಬರಿಗೇ ಯಾಕೆ ಎಂದೆನೋ? ಸೀರೆಯ ಬಗ್ಗೆ ಏನಾದರೂ ಅಂದೆನೋ? ಲಾಡಿಗೆ ಸಕ್ಕರೆ ಕಡಿಮೆ ಎಂದು ಅಂದಿರುವುದಂತೂ ಖಂಡಿತ. ಹಿಂದೊಮ್ಮೆ ಒಬ್ಬಳು ಹುಡುಗಿ ನನ್ನನ್ನು ಕೂರಿಸಿಕೊಂಡು ನಕ್ಕಂತೆ, ಇವತ್ತು ನಾನು ಇವರನ್ನು ಕೂರಿಸಿಕೊಂಡು ಅವಮಾನ ಮಾಡುತ್ತೇನಲ್ಲ. ಓಡಿಹೋಗೋಣ ಎನಿಸಿತು. ಓಡಿಹೋದರೆ ಅವರು ಹೇಳಿದ್ದನ್ನು ನಾನು ಎಂದೆಂದಿಗೂ ಕೇಳುವುದಿಲ್ಲ. ಅದು ಬರುವುದು ಇದೊಂದೇ ಸಲ.

ನಾಲ್ಕಕ್ಕೆ ಐದು ನಿಮಿಷವಿದೆ ಎನ್ನುವಾಗ ಮೇಡಂ ಬಂದರು. ಹಳೆಯ ಸೀರೆ, ಕೈಯಲ್ಲಿ ಒಂದೇ ಚೀಲ, ಐದೂವರೆಯ ಬಸ್ಸಿಗೆ ಮತ್ತೆ ಹೊಳೆಯಾಚೆ ಹೋಗಬೇಕು. ಕುರ್ಚಿಯಲ್ಲಿ ಕೂತರು. ನಾಯ್ಕರು, ಗುಮಾಸ್ತರು, ಹೊನ್ನಪ್ಪ ಎಲ್ಲರೂ ಸುತ್ತ ನಿಂತರು. ಅವರೆಲ್ಲರಿಗೂ ನಾಲ್ಕೂವರೆಯ ತಮ್ಮ ತಮ್ಮ ಭಾಷಣದ ಚಿಂತೆ. ಒಬ್ಬ ಗುಮಾಸ್ತ ಚೀಟಿಯಲ್ಲಿ ಬರೆದುಕೊಂಡು ಬಂದು ಓದಿದ್ದನಂತೆ. ನಾನು ಹತ್ತು ವರ್ಷದಲ್ಲಿ ಮೊದಲ ಸಲ ನನ್ನ ಕುರ್ಚಿಯನ್ನು ಹಾಲಿನ ಕಡೆಗೆ ತಿರುಗಿಸಿ ಕೂತೆ. ಅದು ನೆಲಕ್ಕೆ ಉಜ್ಜಿ ಕಿರ್ರೆಂದಿತು.

ನಾಲ್ಕಾಯಿತು. ಮೇಡಂ ಬಾಯಿ ಮುಚ್ಚಿ ಕೂತಿದ್ದರು. ಅವರ ಧ್ವನಿ ನನ್ನ ಮೇಜಿನ ಪಕ್ಕದಿಂದ ಬಂತು.

"ಮರಿಸ್ವಾಮಿಯವರೇ, ಹೋಗ್ತಿದೀನಿ. ಎರಡು ವರ್ಷ ದಿನಾ ನಾಲ್ಕು ಗಂಟೆಗೆ ನಿಮ್ಮನ್ನ ಟೀಗೆ ಕರೆದೆ. ನೀವು ಬರ್ತೀನಿ ಅನ್ಲಿಲ್ಲ. ಬರಲ್ಲ ಅಂತಲೂ ಅನ್ಲಿಲ್ಲ, ಅದಕ್ಕೇ ಕರೀತಾನೇ ಇದ್ದೆ. ಇಷ್ಟು ವಯಸ್ಸಾದ ಮೇಲೆ ಇದು ಹುಡುಗಾಟ ಅಂತ ನಂಗೂ ಗೊತ್ತು. ಇವತ್ತು ಕೊನೇ ಸಲ ಕೇಳ್ತೀನಿ. ಬಸ್ಸಿಗೆ ಇನ್ನೂ ಟೈಮಿದೆ. ಟೀಗೆ ಹೋಗೋಣ್ವಾ?"

ಅದರ ಬೆನ್ನಿಗೇ ನನ್ನ ಧ್ವನಿ, ಕಿವುಡರ ಧ್ವನಿಯಂತೆ ದೊಡ್ಡದಾಗಿ, ಖುಷಿಯಾಗಿ ಹೇಳಿತು: "ಆಯ್ತು ಮೇಡಂ, ಟ್ರೇನಲ್ಲಿ ಇಟ್ಟುಹೋಗಿ, ಆಮೇಲೆ ನೋಡ್ತೀನಿ."

ಹೊನ್ನಪ್ಪ ಹಣೆಗೆ ಕೈಹಚ್ಚಿಕೊಂಡ. ನಾನು ನೆಲ ನೋಡಿದೆ. ರುದ್ರಮುನಿ ಎರಡು ಸಲ ಸತ್ತನಲ್ಲ, ಅದರಲ್ಲಿ ಒಂದನ್ನು ನನಗೆ ಕೊಡಬಾರದಿತ್ತೇ ಎನ್ನಿಸಿತು. ಆಮೇಲೆ ನಿನ್ನೆಯ ಅವರ ಒಂದು ಸಣ್ಣ ನಗು ಬಂತು, ನಗುವೋ ನಿಟ್ಟುಸಿರೋ.

ಐದು ನಿಮಿಷದ ಮೇಲೆ ನನ್ನ ಗೊಣಗಾಟ ಶುರುವಾಯಿತು. "ನಾನ್ನೂರ ಹನ್ನೆರಡು... ಗಂಡು ಮಗು... ತಂದೆ ಹೆಸರು... ಥೂ, ನಾಯ್ಕರು ಇದೇನು ಬರೆದಿದಾರೋ, ಇರುವೆ ಶಾಯಿಯೊಳಗೆ ಬಿದ್ದು ನಡೆದ ಹಾಗಿದೆ." ನಾಯ್ಕರು ಕೆಮ್ಮಿದರು. "ಲಾಡು ಪರವಾಗಿಲ್ಲ, ಸಕ್ಕರೆ ಕಡಿಮೆ." ನಾನು ಕಣ್ಣು ಮುಚ್ಚಿಕೊಂಡೆ. ಕೊಳಲಿನ ಜೊತೆ ನಾನು ಹಾಡಿದ್ದೂ ಬಂತು, ಅದು ಎಷ್ಟು ಅಪಸ್ವರವಾಗಿತ್ತೆಂದು ಅವತ್ತೇ ನನಗೆ ತಿಳಿದದ್ದು. ಹಾಡು ನಡುವೆ ನಿಂತಿತು.

"ನಾಲ್ಕೂಕಾಲಾಯ್ತಲ್ಲಪ್ಪ," ಎಂದಿತು ನನ್ನ ಧ್ವನಿ, ಈ ಸಲ ಮೆಲ್ಲಗೆ. "ಟೀಗೆ ಕರೆಯೋ ಧ್ವನಿ ಇವತ್ತೂ ಬರ್ಲಿಲ್ಲ. ಮೂರು ವಾರ ಆಯ್ತು. ಯಾರ್ ಯಾರನ್ನ ಕರೀತಿದ್ರೋ ಏನೋ. ನನ್ನನ್ನಂತೂ ಅಲ್ಲ. ಆದ್ರೂ ಅದು ಬಂದ್ರೆ ಒಂಥರಾ ಚೆನ್ನಾಗಿರ್ತಿತ್ತು. ಅದು ಬರದೆ ಸಂಜೆ ಆದ ಹಾಗೇ ಅನ್ಸಲ್ಲ." ಆಮೇಲೆ, "ನನ್ನನ್ನ ಕರೆದಿದ್ರೆ ಹೋಗ್ತಿದ್ದೆ. ಓಡ್ಕೊಂಡು ಹೋಗ್ತಿದ್ದೆ. ನಾನ್ನೂರ ಹದಿಮೂರು... ಹೆಣ್ಣು ಮಗು..."

ಕಣ್ಣು ತೆರೆದೆ. ಜಲಜಾಕ್ಷಿ ಮೇಡಂ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ನಗಬೇಕೋ ಬೇಡವೋ ಎಂದು ತಿಳಿಯದೆ ನಡುಗುತ್ತಿತ್ತು. ನಾನು ಎದ್ದೆ. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ವೈರನ್ನು ತೆಗೆದು ಮೇಜಿನ ಮೇಲಿನ ಟ್ರೇನಲ್ಲಿ ಇಟ್ಟೆ. ನಾಲ್ಕು ಹೆಜ್ಜೆ ನಡೆದು ಅವರ ಎದುರು ನಿಂತು, ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡೆ, ಎರಡೂ ಕಡೆ.

"ಟೀಗೆ ಹೋಗೋಣ್ವಾ ಮೇಡಂ?" ಎಂದೆ.

ಅವರು ಹಾಗೇ ಕೂತಿದ್ದರು. "ಇದು ಇವತ್ತಿನ ಮಾತೋ, ನಿನ್ನೆಯದೋ?" ಎಂದು ಕೇಳಿದರು. ನಮ್ಮೂರಿನಲ್ಲಿ ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ ಅದು, ತರಕಾರಿಯವನನ್ನೂ ಕೇಳುತ್ತೇವೆ.

"ನನ್ನ ಬಾಯಿ ನೋಡಿ," ಎಂದೆ. "ಇವತ್ತಿನದು."

ಮೇಡಂ ಚೀಲ ತೆಗೆದುಕೊಂಡು ಎದ್ದರು. ಚೀಟಿ ಬರೆದುಕೊಂಡಿದ್ದ ಗುಮಾಸ್ತ, "ಮೇಡಂ, ನಮ್ಮದು ನಾಲ್ಕೂವರೆಗಿದೆ! ಕೂತ್ಕೊಳ್ಳಿ ಮೇಡಂ, ಚೆನ್ನಾಗಿ ಹೇಳಿದೀವಿ!" ಎಂದು ಗೋಗರೆದ. "ಸುಮ್ನಿರ್ರೀ," ಎಂದರು ನಾಯ್ಕರು. ಆಮೇಲೆ ಹೊನ್ನಪ್ಪ ಹೇಳಿದ, ಅಷ್ಟೂ ಹೊಗಳಿಕೆ ಖಾಲಿ ಕುರ್ಚಿಗೆ ಬಂತಂತೆ, ನಾಯ್ಕರು ತಮ್ಮದನ್ನು ಮಾತ್ರ ಪೂರ್ತಿ ನಿಂತು ಕೇಳಿದರಂತೆ.

ಆ ಇಯರ್‌ಫೋನನ್ನು ಮುಂದಿನ ವಾರ ದಾದಾಪೀರನಿಗೆ ಹಿಂದಿರುಗಿಸಲು ಹೋದೆ. ದೂರು ಎಂದುಕೊಂಡು ಅವನು ಹೆಗಲಿಗೆ ಕೈಹಾಕಿದ. ನಾನು ಒಳಗೇ ನಿಂತು, ನಾಳೆಯ ಗಿರಾಕಿಗಳಿಗೆ ಕೇಳಲೆಂದು ಗಟ್ಟಿಯಾಗಿ ಹೇಳಿದೆ: "ಕಿವಿ ನೋಯುವುದಿಲ್ಲ, ಬೀಳುವುದಿಲ್ಲ, ಬೆಲೆ ಹೆಚ್ಚಿಲ್ಲ, ಹೊರಗಿನದು ಒಂದಕ್ಷರ ಒಳಗೆ ಬಿಡುವುದಿಲ್ಲ. ನನ್ನಂಥವರು ಕೊಳ್ಳಬೇಡಿ." ದಾದಾಪೀರನಿಗೆ ಇದು ಹೊಗಳಿಕೆಯೋ ದೂರೋ ತಿಳಿಯಲಿಲ್ಲ.

ಇನ್ನು ಆ ಶುಕ್ರವಾರ, ಕಚೇರಿಯಿಂದ ಹೊರಬಂದು ಹೊಂಗೆಮರದ ಕೆಳಗೆ ಎರಡು ಟೀ ಹೇಳಿದೆವು. ಬಿಸಿಲು ಇಳಿದಿತ್ತು. ಮೇಡಂ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಎರಡು ವರ್ಷದಿಂದ ಹೇಳಬೇಕೆಂದಿದ್ದನ್ನು ಹೇಳಿದರು. ಅಲ್ಲಿ ಗೋಡೆಯಿರಲಿಲ್ಲ. ಅದು ಒಂದೇ ಸಲ ಬಂತು. ನಾನು ಕೇಳಿಸಿಕೊಂಡೆ.